ನೂರೊಂದನೆಯ ಅಚ್ಚು

ಮದ್ದೂರಿನ ಮೆಹಬೂಬ್ ಪಾಷಾ ಸಾಹೇಬರ ಬೆಲ್ಲದ ಮಂಡಿಯಲ್ಲಿ ನಾನು ಚೀಟಿ ಬರೆಯುವವನು. ‘ಮೊದಲ ದರ್ಜೆ, ನೂರು ಅಚ್ಚು’ ಎಂದು ಬರೆದು, ಕೆಳಗೆ ತುಂಬಿದವರ ಹೆಸರು ಹಾಕಿ, ಒಂದೊಂದು ಮೂಟೆಗೂ ಹೊಲಿಸುತ್ತಿದ್ದೆ. ಯುದ್ಧ ಶುರುವಾದ ಎರಡನೇ ವರ್ಷ, ಚೀಟಿಯಲ್ಲಿದ್ದದ್ದೇ ಮೂಟೆಯಲ್ಲಿದೆ ಎನ್ನುವ ಸರ್ಕಾರದ ಮುದ್ರೆ ನಮಗೆ ಸಿಕ್ಕಿತು. ಅದಕ್ಕಾಗಿ ಸಾಹೇಬರು ಮೂರು ವರ್ಷ ಕಚೇರಿ ಅಲೆದು ಚಪ್ಪಲಿ ಸವೆಸಿದ್ದರು. ಮುದ್ರೆ ಬಿದ್ದ ಮೂಟೆಯನ್ನು ಬೆಂಗಳೂರಿನವರು ಬಿಚ್ಚಿ ನೋಡದೆಯೇ ಕೊಳ್ಳುತ್ತಿದ್ದರು.

ತುಂಬುವವರಲ್ಲಿ ನಿಡಘಟ್ಟದ ಮುದ್ದಮ್ಮನಂಥ ಕೈ ಇನ್ನೊಂದಿರಲಿಲ್ಲ. ಗಂಡ ಸತ್ತ ಮೇಲೆ ಆ ಕೂಲಿಯೇ ಅವಳ ಅನ್ನ. ಕಂದಿದ ಅಚ್ಚು, ಬಿರುಕು ಬಿಟ್ಟ ಅಚ್ಚು ಅವಳ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಅವಳ ಮೂಟೆ ಎಣಿಸುವುದನ್ನೇ ನಾನು ಬಿಟ್ಟಿದ್ದೆ. ಹಾಳಾದ್ದು, ನಾನು ಕೆಟ್ಟದ್ದೇ ಅಲ್ಲಿ.

ತಪಾಸಣೆಗೆ ಬಂದ ಅಧಿಕಾರಿ ಅವಳ ಮೂಟೆಯನ್ನೇ ಬಿಚ್ಚಿಸಿದರು. ನೂರಾ ಒಂದು ಅಚ್ಚು. ಆ ಒಂದು ಕಪ್ಪಗಿತ್ತು. ಇನ್ನೆರಡು ಮೂಟೆ ಬಿಚ್ಚಿಸಿದರೆ ಅಲ್ಲೂ ಅದೇ.

“ಇದೇನಮ್ಮ?”

“ಕೊಸರು ಕಣಪ್ಪ,” ಎಂದಳು ಮುದ್ದಮ್ಮ, ನಗುತ್ತಲೇ. “ಲೆಕ್ಕದ್ ಮ್ಯಾಲೊಂದು ಕೊಸರಿಲ್ದೆ ಯಾರಾದ್ರೂ ಕೊಡ್ತಾರಾ? ವಾರಕ್ಕೊಂದಿಷ್ಟು ಕರೀ ಬೆಲ್ಲ ನಮ್ಗೆ ಕೊಡ್ತಾರಲ್ಲ, ಅದ್ರಲ್ಲೇ ಒಂದೊಂದು ಆಕ್ದೆ. ತಿಂದೋರು ಒಳ್ಳೇದಾಗ್ಲಿ ಅನ್ಲಿ ಅಂತ.”

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಕಾನೂನು ಹಿತ್ತಲಿಗೂ ಹೋಗಲಿಲ್ಲ, ಎದುರಿಗೇ ಮೊಳ ಹಾಕಿತು. ಚೀಟಿಯಲ್ಲಿ ಒಂದು, ಮೂಟೆಯಲ್ಲಿ ಇನ್ನೊಂದು, ಹಾಗಾಗಿ ಮುದ್ರೆ ರದ್ದು ಎಂದರು ಅಧಿಕಾರಿ. ಸಾಹೇಬರು ಕೈಮುಗಿದು ಬೇಡಿಕೊಂಡ ಮೇಲೆ ಅಧಿಕಾರಿ ನಮ್ಮಿಬ್ಬರನ್ನೇ ಒಳಗೆ ಕರೆದು ಒಂದು ದಾರಿ ತೋರಿಸಿದರು: ಮೋಸದಿಂದ ಕೀಳು ಬೆಲ್ಲ ಬೆರೆಸಿದೆನೆಂದು ತುಂಬಿದವಳೇ ಒಪ್ಪಿ ಬರೆದುಕೊಟ್ಟರೆ ಮಂಡಿಯನ್ನು ಬಿಡಬಹುದು.

ಸಾಹೇಬರು ನನ್ನ ಮುಖ ನೋಡಿದರು. ಮಂಡಿ ಮುಚ್ಚಿದರೆ ಇಪ್ಪತ್ತು ಮನೆಯ ಒಲೆ ಆರುತ್ತಿತ್ತು, ಅದರಲ್ಲಿ ನನ್ನದೂ ಒಂದು. ಬರೆದೆ.

ಕಾಗದ ಹೊರಗೆ ತಂದಾಗ, “ಏನಂತ ಬರ್ದೆ ಮಗ?” ಎಂದಳು ಮುದ್ದಮ್ಮ.

“ಕೊಸರಾಕ್ದೆ ಅಂತ ಬರ್ದಿವ್ನಿ ಕಣವ್ವ.”

“ಅಂಗಾರೆ ಸರಿ ಬುಡು. ಇರೋದೇ ತಾನೆ.”

ಹೆಬ್ಬೆಟ್ಟು ಒತ್ತಿದಳು. ಮಸಿಯನ್ನು ಸೆರಗಿಗೆ ಒರೆಸಿಕೊಂಡು, ಹೆದರಬೇಡ ಎನ್ನುವಂತೆ ನನ್ನ ಬೆನ್ನು ಸವರಿದಳು.

ಆ ಕಾಗದದ ನಕಲುಗಳನ್ನೂ ನನ್ನ ಕೈಯಲ್ಲೇ ಬರೆಸಿ ಮಂಡ್ಯ, ಮಳವಳ್ಳಿಯ ಮಂಡಿಗಳಿಗೆ ಕಳಿಸಿದರು. ನಮ್ಮ ಮುದ್ರೆ ಉಳಿಯಿತು. ಅವಳನ್ನು ಮಾತ್ರ ನಮ್ಮಲ್ಲೂ ಇಟ್ಟುಕೊಳ್ಳಲಿಲ್ಲ, ಬೇರೆ ಎಲ್ಲೂ ಸೇರಿಸಲಿಲ್ಲ. ನಿಜ ಹೇಳಿಬಿಡೋಣವೆಂದು ಮೂರು ಸಲ ನಿಡಘಟ್ಟದ ದಾರಿ ಹಿಡಿದು ಅರ್ಧಕ್ಕೇ ವಾಪಸು ಬಂದಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು.

ನಿನ್ನೆ ಅವಳೇ ಬಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು.

“ಎಲ್ಲೋದ್ರೂ ನನ್ನೆಸ್ರು ಕೇಳ್ತಿದ್ದಂಗೇ ಬಾಗ್ಲಾಕ್ತಾರೆ ಕಣ್ ಮಗ. ಯಾಕೋ ಕಾಣೆ. ಮುದ್ದಮ್ಮ ಒಳ್ಳೇವ್ಳು ಅಂತ ಒಂದ್ ಚೀಟಿ ಬರ್ಕೊಡು. ನೀನ್ ಬರ್ದ್ರೆ ನಂಬ್ತಾರೆ.”

ಬರೆದುಕೊಟ್ಟೆ. ಮೋಸಗಾತಿ ಎಂದು ಬರೆದ ಅಕ್ಷರವೂ ಇದೇ ಎಂದು ಓದಿದ ಯಾರಿಗಾದರೂ ಗೊತ್ತಾಗುತ್ತದೆ. ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು, ನನಗೆ ಒಳ್ಳೇದಾಗಲಿ ಎಂದು ಹರಸಿ, ಮಂಡ್ಯದ ದಾರಿ ಹಿಡಿದಳು.