ಬೆರಿಲ್ ಅತ್ತೆ ಕಂಡ ತಂತಿ

ಬೆರಿಲ್ ಅತ್ತೆಗೆ ಕಿವಿ ಹೋದ ಸುದ್ದಿ ಆಸ್ಟ್ರೇಲಿಯಾದ ಮೂಂಟಾ ಊರಿಗೆಲ್ಲ ಗೊತ್ತಾದದ್ದು ಅವಳ ಕಾರಿನಿಂದ. ಐವತ್ತು ವರ್ಷ ಹಳೆಯ ಹೋಲ್ಡನ್ ಅದು. ಎಂಜಿನ್ನು ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತೋರಿಸುವ ಮೀಟರು ಅದರಲ್ಲಿ ಇರಲೇ ಇಲ್ಲ. ದನಿ ಕೇಳಿಯೇ ಗೇರು ಬದಲಿಸಬೇಕು. ದನಿ ಕೇಳುವುದು ನಿಂತ ಮೇಲೆ ಅತ್ತೆ ಮೊದಲನೇ ಗೇರಿನಲ್ಲೇ ಇಡೀ ಊರು ದಾಟತೊಡಗಿದಳು. ಎಂಜಿನ್ನು ಹಂದಿ ಕೊಯ್ದ ಹಾಗೆ ಕಿರುಚುತ್ತಿದ್ದರೆ ಅವಳು ಸಿಕ್ಕವರಿಗೆಲ್ಲ ನಗುತ್ತ ಕೈ ಬೀಸುತ್ತಿದ್ದಳು. ಕಿವಿಯ ಮೆಷಿನ್ನಿತ್ತು, ನಿಜ. ಕಾರು ಹತ್ತಿದರೆ ಅದರೊಳಗೆ ಗಾಳಿಯ ಸದ್ದು ಬಿಟ್ಟು ಇನ್ನೇನೂ ಬರುತ್ತಿರಲಿಲ್ಲ.

ನಿಂತಲ್ಲೇ ಎಂಜಿನ್ನು ಕಿರುಚಿಸಿ ಗಾಡಿ ಎತ್ತಿ ಎತ್ತಿ ಒಂದು ಕ್ಲಚ್ಚು ಸುಟ್ಟಿತು. ಇನ್ನೊಂದು ಹಾಕಿಸಿದರೆ ಅದೂ ಸುಟ್ಟಿತು. ಮಗ ಗಾರ್ತ್ ಅಮ್ಮನ ಮುಂದೆ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದ: "ಅಮ್ಮಾ, ಭಾನುವಾರ ಬರ್ತೀನಿ. ಜೆಟ್ಟಿವರೆಗೂ ನನ್ನ ಕೂರಿಸ್ಕೊಂಡು ಹೋಗು. ಗಾಡಿ ಕಿರುಚಿದ್ರೆ ಕೀಲಿ ನನಗೆ."

ಸಮುದ್ರದೊಳಕ್ಕೆ ಚಾಚಿದ ಪೋರ್ಟ್ ಹ್ಯೂಸ್ ಜೆಟ್ಟಿಯ ತುದಿಯಲ್ಲಿ ಏಡಿಬಲೆ ಇಳಿಬಿಟ್ಟು ಕೂರುವುದೇ ಅತ್ತೆಗೆ ಉಳಿದಿದ್ದ ಸುಖ. ಬಸ್ಸಿಲ್ಲ. ಕೀಲಿ ಹೋದರೆ ಅಡುಗೆಮನೆ ಕಿಟಕಿಯೇ ಗತಿ.

ಅವಳ ತಮ್ಮನ ಮಗ ಜೇಗೋಗೆ ಇದನ್ನು ಕೇಳಿ ಮೈಯೆಲ್ಲ ಉರಿಯಿತು. ಅವನು ಶಾಲೆ ಬಿಟ್ಟಾಗ ಮನೆಮಂದಿಯೆಲ್ಲ ಮುಖಕ್ಕೆ ಉಗಿದಿದ್ದರು. ಅತ್ತೆ ಒಬ್ಬಳು ಮಾತ್ರ "ಬಾರೋ, ನನ್ನ ಗಾಡಿ ಬಿಚ್ಚಿ ಕಲಿ" ಅಂದಿದ್ದಳು. ಕಿವಿಗೆ ಕೇಳದ್ದನ್ನು ಕಣ್ಣಿಗೆ ತೋರಿಸಿದರಾಯಿತಲ್ಲ ಎಂದು ಪಕ್ಕದ ಊರು ಕಡೀನಾದಲ್ಲಿ ಹಳೇ ಗಾಡಿಯ ಭಾಗ ಮಾರುವ ಗೆಳೆಯ ವೆಸ್ ಹತ್ತಿರ ಹಳೆಯದೊಂದು ಆರ್‌ಪಿಎಂ ಮೀಟರು ಕೊಂಡು ತಂದ.

ದೊಡ್ಡ ಕೆಲಸವಲ್ಲ. ಕಿಡಿ ಹುಟ್ಟಿಸುವ ಕಾಯಿಲ್‌ಗೆ ಎರಡು ಟರ್ಮಿನಲ್ಲು. ಒಂದಕ್ಕೆ ಬ್ಯಾಟರಿಯ ಕರೆಂಟು ಬಂದು ಸುಮ್ಮನೆ ನಿಲ್ಲುತ್ತದೆ. ಇನ್ನೊಂದರಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತಂತಿಯಲ್ಲಿ ಕಿಡಿಗೊಮ್ಮೆ ಕರೆಂಟು ಕಡಿದು ಕೂಡುತ್ತದೆ. ಮೀಟರು ಎಣಿಸುವುದು ಆ ಕಡಿತವನ್ನು. ಆ ಟರ್ಮಿನಲ್ಲಿಗೆ ಮೈನಸ್ ಗುರುತಿರುತ್ತದೆ. ಜೇಗೋ ಗುರುತು ನೋಡಿಯೇ ತಂತಿ ಕಟ್ಟಿದ. ಎಂಜಿನ್ನು ಓಡಿತು. ಮೀಟರಿನ ಮುಳ್ಳು ಮಾತ್ರ ಸೊನ್ನೆಯ ಮೇಲೆ ಸತ್ತು ಬಿದ್ದಿತ್ತು.

ಅದು ಭಾನುವಾರದ ಬೆಳಿಗ್ಗೆ. ಗಾರ್ತ್ ಮಧ್ಯಾಹ್ನಕ್ಕೆ ಬರುವವನು.

ಜೇಗೋ ವೆಸ್‌ಗೆ ಫೋನು ಹಚ್ಚಿದ. "ಸತ್ತ ಮೀಟರ್ ತಗುಲಿಸಿದ್ದೀಯಲ್ಲೋ ಕಳ್ಳನನ್ಮಗನೆ."

"ಮೀಟರ್ ಸರಿಯಾಗಿದೆ ಕಣೋ," ಅಂದ ವೆಸ್. "ಮೊದ್ಲು ತಂತಿ ನೋಡ್ಕೋ."

"ತಂತಿ ನೋಡೋದನ್ನ ನಿನ್ನಿಂದ ಕಲೀಬೇಕಾ?" ಎಂದು ಫೋನು ಕುಕ್ಕಿ, ಬಾನೆಟ್ಟಿನಡಿ ತಲೆ ತೂರಿಸಿ, ವೆಸ್‌ನಿಂದ ಹಿಡಿದು ಗಾರ್ತ್‌ವರೆಗೆ ಒಬ್ಬರನ್ನೂ ಬಿಡದೆ ಜಾಲಾಡಿದ. ತಲೆ ಎತ್ತಿದರೆ ಪಕ್ಕದಲ್ಲೇ ಅತ್ತೆ, ಅವನ ತುಟಿಯನ್ನೇ ನೋಡುತ್ತ.

"ಕತ್ತೆ ಅಂದ್ಯಲ್ಲ, ಅದು ನಾನು ಹೆತ್ತ ಕತ್ತೆ ಕಣೋ. ಸ್ವಲ್ಪ ನೋಡ್ಕೊಂಡು ಬೈ."

ಜೇಗೋ ಮುಖ ಒರೆಸಿಕೊಂಡ. ವೆಸ್‌ನ ಮಾತು ಒಳಗೊಳಗೇ ಚುಚ್ಚುತ್ತಿತ್ತು. ಟೆಸ್ಟರ್ ಬಲ್ಬು ತಂದು, ಒಂದು ತುದಿಯನ್ನು ಕಾರಿನ ಮೈಗೆ ಕಚ್ಚಿಸಿ, ಇನ್ನೊಂದು ತುದಿಯ ಸೂಜಿಯನ್ನು ಅತ್ತೆಯ ಕೈಗಿಟ್ಟ. "ಈ ಮೈನಸ್ ಮೇಲೆ ಹಿಡ್ಕೋ. ನಾನು ಸೆಲ್ಫ್ ಹೊಡೀತೀನಿ. ಮಿಣುಕಿದ್ರೆ ಕೈ ಎತ್ತು."

ಆ ಕಾರು ಒಂದೇ ಸಲಕ್ಕೆ ಸ್ಟಾರ್ಟಾದ ದಿನವೇ ಇಲ್ಲ. ಕೊರ್ರ್ ಕೊರ್ರ್ ಎಂದು ಗೊಣಗುತ್ತಲೇ ಇತ್ತು. ಅತ್ತೆ ಕೈ ಎತ್ತಲಿಲ್ಲ. "ದೇವರ ದೀಪದ ಹಾಗೆ ಸುಮ್ಮನೆ ಉರೀತಿದೆ," ಎಂದು ಕೂಗಿದಳು.

ಹಾಗಾಗಲು ಸಾಧ್ಯವೇ ಇಲ್ಲ. ಜೇಗೋ ಹಲ್ಲು ಕಚ್ಚಿ ಮತ್ತೆ ಕೀಲಿ ತಿರುಗಿಸಿದ. ಕೊರ್ರ್ ಕೊರ್ರ್. ಅಷ್ಟರಲ್ಲಿ ಬಾನೆಟ್ಟಿನ ಪಕ್ಕದಿಂದ ಅತ್ತೆಯ ಕೈ ಮೇಲೆದ್ದಿತು. ಇಳಿದು ಓಡಿ ಬಂದು ನೋಡಿದರೆ, ಯಾರೂ ಹೇಳದೆಯೇ ಅವಳು ಸೂಜಿಯನ್ನು ಪ್ಲಸ್ ಮೇಲಿಟ್ಟಿದ್ದಳು.

"ಇಲ್ಲಿ ಮಿಣುಕಿತು ನೋಡು. ಎದೆ ಬಡ್ಕೊಂಡ ಹಾಗೆ."

ಜೇಗೋ ಪ್ಲಸ್‌ನ ತಂತಿಯನ್ನು ಬೆರಳಲ್ಲಿ ಹಿಡಿದು, ಜಿಡ್ಡು ಒರೆಸುತ್ತ ಹೋದ. ಅದು ನೆಟ್ಟಗೆ ಡಿಸ್ಟ್ರಿಬ್ಯೂಟರಿಗೆ ಹೋಗಿ ಸೇರಿತು. ಯಾರೋ ಎಂದೋ ಎರಡೂ ತಂತಿ ಅದಲುಬದಲು ಮಾಡಿದ್ದರು. ಹಾಗೆ ಕಟ್ಟಿದರೂ ಗಾಡಿ ಓಡುತ್ತದೆ. ಕಿಡಿ ಸೊರಗುತ್ತದೆ, ಅಷ್ಟೆ. ತಾನು ನಂಬಿದ್ದು ಗುರುತನ್ನು. ನೋಡಬೇಕಾಗಿದ್ದದ್ದು ತಂತಿಯನ್ನು.

"ಯಾರು ಮಾಡಿದ್ದು ಇದು?"

"ಇನ್ಯಾರು, ನಿಮ್ಮ ಲಯಲ್ ಮಾವ," ಅತ್ತೆ ನಕ್ಕಳು. "ಸಾಯೋವರೆಗೂ ಪೆಟ್ರೋಲ್ ಬಂಕಿನವನನ್ನ ಬೈದ, ನೀರು ಬೆರೆಸ್ತಾನೆ ಅಂತ. ನಿನಗೂ ಅದೇ ಬುದ್ಧಿ."

ತಂತಿಗಳನ್ನು ಅದರದರ ಜಾಗಕ್ಕೆ ಸೇರಿಸಿ, ಮೀಟರಿನದನ್ನು ಮೈನಸ್‌ನಲ್ಲೇ ಉಳಿಸಿ, ಕೀಲಿ ತಿರುಗಿಸಿದ. ಒಂದೇ ಏಟಿಗೆ ಎಂಜಿನ್ನು ಹೊತ್ತಿಕೊಂಡಿತು. ಮುಳ್ಳು ಮೈ ಮುರಿದು ಎದ್ದು ನಿಂತಿತು.

ಅವನು ನಿಧಾನವಾಗಿ ಆಕ್ಸಿಲರೇಟರ್ ಒತ್ತಿ, ದನಿ ಕೇಳುತ್ತ, ಗೇರು ಬದಲಿಸಬೇಕಾದ ಹೊತ್ತಿಗೆ ಬೆರಳು ತೋರಿಸಿದ. ಅತ್ತೆ ಉಗುರುಬಣ್ಣದ ಸೀಸೆ ತಂದು ಮೀಟರಿನ ಗಾಜಿನ ಮೇಲೆ ಅಲ್ಲೊಂದು ಕೆಂಪು ಗೆರೆ ಎಳೆದಳು.

ಗಾರ್ತ್ ಮಾಂಸದ ಹೂರಣ ತುಂಬಿ ಬೇಯಿಸಿದ ಪೇಸ್ಟಿಯ ಪೊಟ್ಟಣ ಹಿಡಿದು ಬಂದ. ಅಮ್ಮನ ಪಕ್ಕ ಕೂತು, ಒಂದು ಕೈಯಲ್ಲಿ ಬಾಗಿಲ ಹಿಡಿ ಬಿಗಿಹಿಡಿದ. ಹಿಂದಿನ ಸೀಟಿನಲ್ಲಿ ಜೇಗೋ ಮುಳ್ಳನ್ನೇ ನೋಡುತ್ತ ಕೂತಿದ್ದ. ಮುಳ್ಳು ಗೆರೆ ಮುಟ್ಟಿತು, ಅತ್ತೆ ಗೇರು ಎಳೆದಳು. ಮತ್ತೆ ಮುಟ್ಟಿತು, ಮತ್ತೆ ಎಳೆದಳು. ಗಾಡಿ ಉಂಡು ಮಲಗಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತ ಊರು ದಾಟಿತು. ದಾರಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಸಮುದ್ರ ಕಾಣುವ ಹೊತ್ತಿಗೆ ಗಾರ್ತ್ ಬಾಗಿಲ ಹಿಡಿ ಬಿಟ್ಟು ಪೇಸ್ಟಿ ಮುರಿಯತೊಡಗಿದ್ದ.

ಜೆಟ್ಟಿಯ ಮುಂದೆ ಅತ್ತೆ ಕೀಲಿ ತೆಗೆದು ಅವನ ಮೂಗಿನ ಮುಂದೆ ಆಡಿಸಿದಳು.

"ಇಟ್ಕೋ ಅಮ್ಮಾ," ಅಂದ ಗಾರ್ತ್. ಬಾಯಿ ತುಂಬಿತ್ತು, ಅವಳಿಗೆ ತುಟಿ ತಿಳಿಯಲಿಲ್ಲ. ನುಂಗಿ, ಅವಳ ಮುಷ್ಟಿಯನ್ನು ಕೀಲಿಯ ಸುತ್ತ ತಾನೇ ಮಡಚಿದ.

ಏಡಿಬಲೆ ನೀರಿಗಿಳಿದ ಮೇಲೆ ಜೇಗೋ ದೂರ ಹೋಗಿ ಫೋನು ಮಾಡಿದ.

"ವೆಸ್, ಏಡಿ ತಿಂತೀಯಾ?"

"ತಂತಿ ಸಿಕ್ತು ಅನ್ನು," ಅಂದ ವೆಸ್. "ದೊಡ್ಡವು ನೋಡಿ ತಗೊಂಡ್ ಬಾ."