ಭುಜದ ಮೇಲೆ ಉಳಿದ ಕೈ

ಮುನ್ನೂರ ಹನ್ನೆರಡು ಫೋಟೋ. ಒಂದರಲ್ಲಾದರೂ ನಾದಿನಿಯ ಮುಖ ಇರಬೇಕಲ್ಲ? ಇಲ್ಲ. ಹುಡುಕಿದರೆ ಒಂದು ಕೈ ಸಿಗುತ್ತದೆ, ಅತ್ತೆಯ ಭುಜದ ಮೇಲೆ, ಗಡಿಯಾರ ಕಟ್ಟಿದ ಮಣಿಕಟ್ಟಿನ ತನಕ. ಅಲ್ಲಿಗೆ ಫೋಟೋ ಮುಗಿಯುತ್ತದೆ.

ಇದನ್ನು ಮೊದಲು ಕಂಡವಳು ನಾದಿನಿಯೇ. ತಾಯಿಯ ನಿವೃತ್ತಿಯ ಸಮಾರಂಭಕ್ಕೆಂದು ಬಂದವಳು ಬೆಳಗಿನ ಟೀ ಕುಡಿಯುತ್ತ, ಮನೆಯವರ ಗುಂಪಿಗೆ ಬಂದ ಫೋಟೋಗಳನ್ನು ಫೋನಿನಲ್ಲಿ ಒಂದೊಂದಾಗಿ ಸರಿಸಿದಳು. ಬರಬರುತ್ತ ಬೆರಳು ಬಿರುಸಾಯಿತು. ಆಮೇಲೆ ಫೋನನ್ನು ಮೇಜಿನ ಮೇಲೆ ಕವುಚಿಟ್ಟು, "ಪರವಾಗಿಲ್ಲ ಅತ್ತಿಗೆ, ಕೈಯನ್ನಾದ್ರೂ ಬಿಟ್ಟಿದ್ದೀರಲ್ಲ" ಎಂದಳು. ಸಂಜೆಯ ಬಸ್ಸು ಬೇಡ, ಹನ್ನೊಂದೂವರೆಯದಕ್ಕೇ ಹೊರಡುತ್ತೇನೆಂದು ಮಹಡಿ ಹತ್ತಿ ಬಾಗಿಲು ಹಾಕಿಕೊಂಡಳು.

ಸೊಸೆ ಓಡಿಹೋಗಿ ಲ್ಯಾಪ್‌ಟಾಪಿನ ಮುಂದೆ ಕೂತಳು. ಫೋಟೋ ತೆಗೆದವಳೂ ಅವಳೇ, ತಿದ್ದಿ ಕಳಿಸಿದವಳೂ ಅವಳೇ. ಹನ್ನೆರಡು ವರ್ಷದಿಂದ ಇದೇ ಕಸುಬಿನಲ್ಲಿ ಅನ್ನ ತಿನ್ನುತ್ತಿರುವವಳು!

ಬೇರೆ ದಿನವಾಗಿದ್ದರೆ ತಪ್ಪಾಯಿತು ಎಂದರೆ ಮುಗಿಯುತ್ತಿತ್ತು. ಆದರೆ ಮೊನ್ನೆ ತಾನೇ ಅಡುಗೆಮನೆಯಲ್ಲಿ ಇಬ್ಬರಿಗೂ ಜಗಳವಾಗಿತ್ತು. ಜಗಳವೆಂದರೆ ಸೊಸೆ ಒಬ್ಬಳೇ ಆಡಿದ್ದು. "ಎರಡು ವರ್ಷದಿಂದ ನೋಡ್ತಿದ್ದೀನಿ, ನಾನು ಹತ್ತು ಮಾತಾಡಿದ್ರೆ ನಿಮ್ಮಮ್ಮ ಒಂದಕ್ಕೂ ಉತ್ತರ ಕೊಡಲ್ಲ. ನೀನು ಬಂದ್ರೆ ಮಾತ್ರ ಅವ್ರಿಗೆ ಬಾಯಿ ಬರುತ್ತೆ. ನಾಲ್ಕು ದಿನ ಮೆರೆದು ಹೋಗೋಳಿಗೆ ಇದೆಲ್ಲ ಏನು ಗೊತ್ತು?" ನಾದಿನಿ ತುಟಿ ಬಿಚ್ಚಿರಲಿಲ್ಲ. ಎಷ್ಟು ಸೊಕ್ಕು ಎಂದುಕೊಂಡಿದ್ದಳು ಸೊಸೆ. ಈಗ ಅದೇ ನಾದಿನಿಯನ್ನು ಮುನ್ನೂರ ಹನ್ನೆರಡು ಕಡೆ ಕತ್ತರಿಸಿ ಎಸೆದಾಗಿದೆ. ಬೇಕಂತ ಮಾಡಿದ್ದಲ್ಲ ಎಂದರೆ ಯಾರು ನಂಬುತ್ತಾರೆ? ಹೀಗೇ ಹೋದರೆ ಅವಳು ಈ ಮನೆಯ ಹೊಸಿಲು ಮತ್ತೆ ತುಳಿಯುವುದಿಲ್ಲ. ಮಗಳ ದಾರಿ ಕಾಯುತ್ತ ದಿನ ಎಣಿಸುವ ಅತ್ತೆ ಸೊಸೆಯನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಆಗಿದ್ದು ಇಷ್ಟೇ. ಹಳೆಯ ಸಾಫ್ಟ್‌ವೇರ್ ಬಿಟ್ಟು ಪುಕ್ಕಟೆ ಸಿಗುವ ಒಂದನ್ನು ಹಾಕಿಕೊಂಡು ಇನ್ನೂ ತಿಂಗಳಷ್ಟೇ ಆಗಿತ್ತು. ಪುಕ್ಕಟೆಯದೆಂದು ಅದನ್ನು ದೂರುವಂತಿಲ್ಲ, ಕೆಲಸದಲ್ಲಿ ಗಟ್ಟಿ. ರಾ ಫೋಟೋ ಎಂದರೆ ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ತುಂಬಿಕೊಂಡ ಫೈಲು. ನೋಡಲು ಮಂಕು, ಬಣ್ಣ ಬೆಳಕೆಲ್ಲ ಆಮೇಲೆ ಎಬ್ಬಿಸಬೇಕು. ಒಂದು ಫೋಟೋಗೆ ಮಾಡಿದ ತಿದ್ದುಪಡಿಗಳನ್ನು ಕಾಪಿ ಮಾಡಿ ಉಳಿದವಕ್ಕೆಲ್ಲ ಪೇಸ್ಟ್ ಮಾಡಬಹುದು. ಯಾವುದನ್ನು ಮಾಡಲಿ, ಯಾವುದನ್ನು ಬಿಡಲಿ ಎಂದು ಅದು ಪಟ್ಟಿ ಮುಂದಿಟ್ಟು ಕೇಳುತ್ತದೆ, ಪಾಪ. ಇವಳು ಓದದೆ ಎಲ್ಲಕ್ಕೂ ಗುರುತು ಹಾಕಿ ಒತ್ತಿದ್ದಳು. ಮೊದಲ ಫೋಟೋದ ಎಡಗಡೆ ಯಾರೋ ನೆಲ ಒರೆಸುವ ಬಕೆಟ್ಟು ಬಿಟ್ಟು ಹೋಗಿದ್ದರು. ಅದು ಕಾಣದಿರಲೆಂದು ಎಡದ ಭಾಗವನ್ನು ಕ್ರಾಪ್ ಮಾಡಿದ್ದಳು. ಆ ಕತ್ತರಿ ಎಲ್ಲ ಫೋಟೋಗಳ ಮೇಲೂ ಆಡಿತ್ತು. ಬಕೆಟ್ಟು ಇದ್ದದ್ದು ಒಂದರಲ್ಲಿ. ಉಳಿದವುಗಳಲ್ಲಿ ಆ ಜಾಗದಲ್ಲಿ ನಿಂತಿದ್ದವಳು ನಾದಿನಿ. ಪರದೆಯ ಮೇಲಿನ ಸಣ್ಣ ಸಣ್ಣ ಚೌಕಗಳಲ್ಲಿ ಎಲ್ಲವನ್ನೂ ಒಟ್ಟಿಗೆ ನೋಡಿದಾಗ ಅತ್ತೆ ಲಕ್ಷಣವಾಗಿ ಕಂಡರು, ಚೆನ್ನಾಗಿದೆ ಎಂದು ಕಳಿಸಿಬಿಟ್ಟಳು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿದ್ದಾರೆಯೇ?

ಒಂದೇ ಸಮಾಧಾನ, ಮೂಲ ಫೋಟೋಗೆ ಏನೂ ಆಗಿರುವುದಿಲ್ಲ. ಕತ್ತರಿಸಿದ್ದೆಲ್ಲ ಪಕ್ಕದ ಪುಟ್ಟ ಫೈಲಿನಲ್ಲಿ ಬರೆದಿಟ್ಟ ಸೂಚನೆ ಅಷ್ಟೇ. ಎಲ್ಲವುಗಳಿಂದ ಕ್ರಾಪ್ ಒಂದನ್ನೇ ಅಳಿಸಿ, ಕಳಿಸಲು ಬರುವಂತೆ ಫೋಟೋಗಳನ್ನು ಹೊಸದಾಗಿ ಹೊರತೆಗೆಯಲು ಎಕ್ಸ್‌ಪೋರ್ಟ್ ಹಾಕಿದಳು. ಗಂಟೆ ಹತ್ತು ಹತ್ತು. ನಾದಿನಿಯನ್ನು ಬಸ್‌ಸ್ಟ್ಯಾಂಡಿಗೆ ಒಯ್ಯುವ ಗಾಡಿ ಬರುವುದು ಹನ್ನೊಂದಕ್ಕೆ. ಹಳೇ ಲ್ಯಾಪ್‌ಟಾಪು ಉಸ್ಸೆನ್ನುತ್ತ ಶುರುಮಾಡಿತು. ಮುನ್ನೂರ ಹನ್ನೆರಡರಲ್ಲಿ ನಾಲ್ಕು ಮುಗಿಯಿತು. ಐದು. ಸೊಸೆ ಎದ್ದಳು, ಕೂತಳು, ಕಾಲು ಸುಟ್ಟ ಬೆಕ್ಕಿನ ಹಾಗೆ ಕೋಣೆ ತುಂಬ ಓಡಾಡಿದಳು. ಮೇಲೆ ನಾದಿನಿ ಬೀರುವಿನ ಬಾಗಿಲು ಬಡಿದ ಸದ್ದಾಯಿತು.

ಆಗಲೇ ಕಥೆಯೆಲ್ಲ ಕೇಳಿಕೊಂಡಿದ್ದ ಗಂಡ ಇಣುಕಿ ನೋಡಿದ. "ಬಕೆಟ್ಟಿನ ಜೊತೆ ನನ್ನ ತಂಗೀನೂ ಎಸೆದ್ಯಲ್ಲೇ ಮಹಾತಾಯಿ."

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಲ್ಲಿ ನಿಂತು ಹಲ್ಲು ಕಿರಿಯೋ ಬದಲು ಹೋಗಿ ಅವಳನ್ನ ಮಾತಾಡ್ಸ್ರೀ."

"ಹೋಗಿದ್ದೆ. ನನ್ನ ಮುಖಕ್ಕೂ ಬಾಗಿಲು ಹಾಕಿದ್ಲು" ಎಂದು ಅವನು ಪೇಪರು ಹುಡುಕಿಕೊಂಡು ಹೋದ.

ಕೈ ಸುಮ್ಮನಿರಲಾರದೆ ಸೊಸೆ ಫೋಟೋಗಳನ್ನು ದೊಡ್ಡದಾಗಿ ತೆರೆದು ನೋಡತೊಡಗಿದಳು. ಆಸ್ಪತ್ರೆಯ ಸಭಾಂಗಣ. ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದ ಅತ್ತೆ ಈಗ ನೆಟ್ಟಗೆ ಕೂತಿದ್ದಾರೆ. ದೊಡ್ಡ ಡಾಕ್ಟರು ಭಾಷಣ ಮಾಡುತ್ತಿದ್ದಾರೆ. ಎಲ್ಲರ ಕಣ್ಣೂ ಡಾಕ್ಟರ ಮೇಲೆ, ಅತ್ತೆಯ ಕಣ್ಣು ಮಾತ್ರ ಮಗಳ ತುಟಿಯ ಮೇಲೆ. ಮುಂದಿನದರಲ್ಲೂ ಹಾಗೇ. ಅದರ ಮುಂದಿನದರಲ್ಲೂ. ಸಮಾರಂಭದ ದಿನ ಬೆಳಕು ನೋಡುವುದರಲ್ಲೇ ಮುಳುಗಿದ್ದ ಸೊಸೆಗೆ, ಇವಳೊಬ್ಬಳು ಅಮ್ಮನಿಗೆ ಅಂಟಿಕೊಂಡೇ ಇರುತ್ತಾಳಲ್ಲ ಎಂದು ರೇಗಿತ್ತು, ಅಷ್ಟೇ.

ಸಾಲಾಗಿ ಮೂರು ಫೋಟೋ ಬಂದವು, ಒಂದೊಂದು ಕ್ಷಣದ ಅಂತರದಲ್ಲಿ ತೆಗೆದವು. ಮೊದಲನೆಯದರಲ್ಲಿ ಸಭೆಯೆಲ್ಲ ಬಿದ್ದು ಬಿದ್ದು ನಗುತ್ತಿದೆ, ಅತ್ತೆ ಸುಮ್ಮನೆ ಕೂತಿದ್ದಾರೆ. ಎರಡನೆಯದರಲ್ಲಿ ನಾದಿನಿ ಅವರ ಬಲಗಿವಿಗೆ ಬಾಯಿಟ್ಟಿದ್ದಾಳೆ. ಮೂರನೆಯದರಲ್ಲಿ ಎಲ್ಲರ ನಗು ಮುಗಿದಿದೆ, ಅತ್ತೆ ಒಬ್ಬರೇ ನಗುತ್ತಿದ್ದಾರೆ.

ಸೊಸೆ ಮೂರನ್ನೂ ಹಿಂದೆ ಮುಂದೆ ಮಾಡಿ ನೋಡಿದಳು. ಅಯ್ಯೋ ದೇವರೇ, ಇವರಿಗೆ ಕೇಳಿಸುವುದಿಲ್ಲ. ಎರಡು ವರ್ಷದಿಂದ ಬೆನ್ನ ಹಿಂದಿನಿಂದ, ಎಡಗಡೆಯಿಂದ, ಕೋಣೆಯಾಚೆಯಿಂದ ತಾನು ಕೇಳಿದ್ದು, ಹೇಳಿದ್ದು, ಗೊಣಗಿದ್ದು, ಯಾವುದೂ ಕೇಳಿಸಿಯೇ ಇಲ್ಲ. ಅದನ್ನು ಗರ್ವ ಎಂದುಕೊಂಡು ಈ ಮನೆಯಲ್ಲಿ ಎಷ್ಟು ಉರಿದಿದ್ದೇನೆ! ಸೊಸೆಗೆ ತನ್ನ ಮೇಲೇ ಅಸಹ್ಯವಾಯಿತು.

ಲ್ಯಾಪ್‌ಟಾಪನ್ನು ಎತ್ತಿಕೊಂಡೇ ಮಹಡಿ ಹತ್ತಿದಳು. "ಪುಟ್ಟಿ, ಬಾಗಿಲು ತೆಗಿ. ಬೈಯೋದಿದ್ರೆ ಆಮೇಲೆ ಬೈಯಿ. ಇದನ್ನ ನೋಡು ಮೊದ್ಲು."

ನಾದಿನಿ ಬಾಗಿಲು ತೆಗೆದಳು. ಬಕೆಟ್ಟಿನ ಕಥೆಯನ್ನು ಸೊಸೆ ಒಂದೇ ಉಸಿರಿಗೆ ಹೇಳಿ, ಆ ಮೂರು ಫೋಟೋ ತೋರಿಸಿದಳು. ನಾದಿನಿ ಮೆಟ್ಟಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಅಮ್ಮಂಗೆ ಎಡಗಿವಿ ಪೂರ್ತಿ ಹೋಗಿದೆ ಅತ್ತಿಗೆ. ಬಲದ್ದು ಹತ್ರ ಬಂದು ಹೇಳಿದ್ರೆ ಉಂಟು. ಯಾರಿಗೂ ಹೇಳಕೂಡದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದಾಳೆ. ಅಣ್ಣಂಗೂ ಗೊತ್ತಿಲ್ಲ."

"ಮೊನ್ನೆ ನಾನು ಅಷ್ಟೆಲ್ಲ ಅಂದೆನಲ್ಲೇ. ಆಗ್ಲಾದ್ರೂ ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ?" ಎಂದು ನಾದಿನಿ ಕಣ್ಣೊರೆಸಿಕೊಂಡಳು. "ಕಿವುಡಿ ಅನ್ನಿಸ್ಕೊಳ್ಳೋದಕ್ಕಿಂತ ಸೊಕ್ಕಿನೋಳು ಅನ್ನಿಸ್ಕೊಳ್ಳೋದು ವಾಸಿ ಅಂತಾಳೆ."

ಲ್ಯಾಪ್‌ಟಾಪಿನಲ್ಲಿ ಇನ್ನೂರ ಎಂಬತ್ತು ಮುಗಿದಿತ್ತು. "ಇನ್ನು ಐದೇ ನಿಮಿಷ, ಎಲ್ರಿಗೂ ಹೊಸದಾಗಿ ಕಳಿಸ್ತೀನಿ. ಎಲ್ಲದ್ರಲ್ಲೂ ನೀನಿರ್ತೀಯ" ಎಂದಳು ಸೊಸೆ.

ನಾದಿನಿ ಒಂದೊಂದೇ ಫೋಟೋ ಸರಿಸಿ ನೋಡಿದಳು. ಎಲ್ಲದರಲ್ಲೂ ಅವಳ ಬಾಯಿ, ಅಮ್ಮನ ಕಿವಿ. "ಬೇಡ ಅತ್ತಿಗೆ" ಎಂದಳು. "ಇದನ್ನ ನೋಡಿದ್ರೆ ಚಿಕ್ಕ ಮಕ್ಕಳಿಗೂ ಅಮ್ಮನ ಕಿವಿಯ ವಿಷಯ ಗೊತ್ತಾಗುತ್ತೆ. ನೀವೇ ಕಂಡುಹಿಡಿದ್ರಲ್ಲ. ಗುಂಪಿನಲ್ಲಿರೋ ಚಿಕ್ಕಮ್ಮನ ಕಣ್ಣಿಗೆ ಬಿದ್ರಂತೂ ಊರಿಗೆಲ್ಲ ಡಂಗುರ. ಕತ್ತರಿಸಿದ್ದೇ ಇರ್ಲಿ ಬಿಡಿ."

"ನಿನ್ನನ್ನ ಬೇಕಂತ ಕತ್ತರಿಸ್ದೆ ಅಂತ ಎಲ್ರೂ ನನ್ನನ್ನ ಆಡ್ಕೋತಾರೆ ಕಣೇ."

"ಆಡ್ಕೋತಾರೆ" ಎಂದಳು ನಾದಿನಿ.

ಸೊಸೆ ಎಕ್ಸ್‌ಪೋರ್ಟ್ ನಿಲ್ಲಿಸಿದಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅತ್ತೆ ಫೋನು ಹಿಡಿದು ಸಿಟ್ಟಿನಿಂದ ಬಂದರು. "ಏನೇ ಇದು? ನನ್ನ ಮಗಳನ್ನ ಒಂದು ಫೋಟೋದಲ್ಲೂ ಇಟ್ಟಿಲ್ಲ. ಅವಳೇನು ಮಾಡಿದ್ಲು ನಿಂಗೆ?"

ನಾದಿನಿ ಬಾಯಿ ತೆರೆಯುವ ಮೊದಲೇ ಸೊಸೆ ಎದ್ದು, ಅತ್ತೆಯ ಬಲಗಡೆಗೆ ಬಂದು, ಕಿವಿಯ ಹತ್ತಿರ ಬಾಗಿ ನಿಧಾನವಾಗಿ ಹೇಳಿದಳು: "ಹೊಟ್ಟೆಕಿಚ್ಚಿಗೆ ಮಾಡ್ದೆ ಅತ್ತೆ. ತಪ್ಪಾಯ್ತು."

ಅತ್ತೆ ತಿರುಗಿ ಸೊಸೆಯ ಮುಖ ನೋಡಿದರು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಮಾತಿಗೆ ತಕ್ಷಣ ಉತ್ತರ ಬಂತು.

"ಅದಕ್ಯಾಕೆ ಕಿವಿಗೇ ಬಂದು ಕೂಗ್ತೀಯ? ನಂಗೇನು ಕೇಳ್ಸಲ್ವಾ?"

"ಕೇಳ್ಸುತ್ತೆ ಅತ್ತೆ" ಎಂದಳು ಸೊಸೆ, ಅಲ್ಲಿಂದ ಕದಲದೆ. ನಾದಿನಿ ಕಿಟಕಿಯ ಕಡೆ ತಿರುಗಿಕೊಂಡು, ಗಾಡಿಯವನಿಗೆ ಫೋನ್ ಮಾಡಿ ಬರುವುದು ಬೇಡವೆಂದಳು.