ಮಗ್ಗಕ್ಕೇರಿದ ಶಾಫ್ಟು

ನನ್ನ ಗಂಡ ವಿಶಾಲನ ತೂಕ ಇನ್ನೇನು ಕ್ವಿಂಟಾಲಿಗೆ ಬಂದಿದೆ. ಆ ಮನುಷ್ಯ ಒಂದು ಭಾನುವಾರ ಬೆಳಿಗ್ಗೆ ಮಂಡಕ್ಕಿ ಗಿರಮಿಟ್ಟಿನ ಜೊತೆ ಮಿರ್ಚಿಯ ಮೇಲೆ ಮಿರ್ಚಿ ಮುರಿಯುತ್ತ, ನಮ್ಮ ಜೀಪು ಭಾರವಾಗಿದೆ ಎಂದು ಚಿಂತೆಗೆ ಬಿದ್ದ.

“ಹಗುರ ಶಾಫ್ಟ್ ಹಾಕಿದ್ರ ಗಾಡಿ ಹಾರತೈತಿ, ಮಾಯಾ.”

“ನೀವು ಮಿರ್ಚಿ ತಿನ್ನೂದು ಬಿಡ್ರಿ, ಅದಕ್ಕಿಂತ ಹಗುರ ಆಗತೈತಿ,” ಎಂದೆ.

ಕೇಳಿದರೆ ತಾನೆ! ಶಾಫ್ಟು ಎಂದರೆ ಜೀಪಿನ ಹೊಟ್ಟೆಯ ಕೆಳಗೆ ಇಂಜಿನ್ನಿನ ಕಡೆಯಿಂದ ಹಿಂದಿನ ಗಾಲಿಗಳ ತನಕ ಮಲಗಿರುವ ಕಬ್ಬಿಣದ ಕೊಳವೆ. ಅದು ತಿರುಗಿದರೆ ಗಾಲಿ ತಿರುಗುತ್ತದೆ, ಇಲ್ಲದಿದ್ದರೆ ಇಲ್ಲ. ಅದನ್ನು ತೆಗೆದು ಅಲ್ಯೂಮಿನಿಯಂ ಶಾಫ್ಟು ಕೂಡಿಸುವುದನ್ನು ಯಾರೋ ಪುಣ್ಯಾತ್ಮರು ಮೊಬೈಲಿನಲ್ಲಿ ತೋರಿಸಿದ್ದರಂತೆ. ನಮ್ಮ ಬೆಟಗೇರಿಯಲ್ಲಿ ಅಲ್ಯೂಮಿನಿಯಮ್ಮಿಗೆ ಜರ್ಮನ್ ಅನ್ನುತ್ತೇವೆ. ಜರ್ಮನ್ ಪಾತ್ರೆಯಲ್ಲಿ ಅನ್ನ ಬೇಯಿಸುತ್ತೇವೆ, ಅದರ ಮೇಲೆ ಜೀಪು ಓಡಿಸುವುದಿಲ್ಲ. ಪಂಪ್‌ಸೆಟ್ಟಿನ ಅಂಗಡಿ ಇಟ್ಟವನಿಗೆ ಇದನ್ನು ಯಾರು ಹೇಳಬೇಕು?

ಬೇರೆ ವಾರ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಬರುವ ಗುರುವಾರ ಕೊರ್ಲಹಳ್ಳಿಯಲ್ಲಿ ನನ್ನ ತಂಗಿ ಸೀಮಾಳ ಕುಬುಸ. ಚೊಚ್ಚಲು ಬಸುರಿ. ತವರಿನವರು ಬುತ್ತಿ ತೆಗೆದುಕೊಂಡು ಹೋಗಿ, ರವಿಕೆಯ ಹಸಿರು ಖಣ ಕೊಟ್ಟು ಉಡಿ ತುಂಬಬೇಕು, ಅದೂ ಹೊತ್ತು ನೆತ್ತಿಗೆ ಬರುವುದರೊಳಗೆ. ನಮಗೆ ಅವ್ವ ಇಲ್ಲ. ಸೀಮಾಳ ಪಾಲಿಗೆ ತವರು ಎಂದರೆ ನಾನೇ. ಅವಳ ಅತ್ತೆ ದುರಗವ್ವನದು ಮದುವೆಯಾದಂದಿನಿಂದ ಒಂದೇ ರಾಗ: “ತಾಯಿ ಇಲ್ಲದ ತವರು. ಬಂದ್ರ ಎರಡು ರೊಟ್ಟಿ ಗಂಟು ಹಿಡಕೊಂಡು ಬಸ್ಸಿಳೀತಾರ, ಅಷ್ಟ.”

ಸೀಮಾ ಫೋನಿನಲ್ಲಿ ಅತ್ತಿದ್ದಳು. “ಅಕ್ಕಾ, ನೀ ಜೀಪಿನ್ಯಾಗ ಬಾ. ಬುತ್ತಿ ಬುಟ್ಟಿ ಇಳಿಸೂದನ್ನ ಓಣಿ ಮಂದಿ ಎಲ್ಲಾ ನೋಡ್ಲಿ.”

ಬರತೀನಿ ಎಂದು ಮಾತು ಕೊಟ್ಟಿದ್ದೆ. ಇತ್ತ ನನ್ನ ಗಂಡ ಜೀಪಿನ ಹಿಂಭಾಗವನ್ನು ಇಟ್ಟಿಗೆಯ ಮೇಲೆ ಕೂಡಿಸಿ, ಅಂಗಳದಲ್ಲಿ ಅಂಗಾತ ಮಲಗಿ, ಮಧ್ಯಾಹ್ನದೊಳಗೆ ಶಾಫ್ಟು ಬಿಚ್ಚಿ ಹೊರಗೆಳೆದ. ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ ಎನ್ನುವುದು ಇದಕ್ಕೇ.

ಈಗ ನನ್ನ ಅತ್ತೆ ಹನಮಂತವ್ವನ ಬಗ್ಗೆ ಹೇಳಬೇಕು. ಹುಟ್ಟಿದ್ದು ನೇಕಾರರ ಮನೆ, ಬಂದದ್ದು ನೇಕಾರರ ಮನೆ. ಪಡಸಾಲೆಯ ಮಗ್ಗದ ಮುಂದೆ ಕುಳಿತರೆ ಊಟಕ್ಕೆ ಕರೆದರೂ ಏಳುವವಳಲ್ಲ. ಸೀಮಾಳ ಕುಬುಸಕ್ಕೆ ಪೇಟೆಯ ಖಣ ಬೇಡ, ನಾನೇ ನೇಯ್ದು ಕೊಡುತ್ತೇನೆ ಎಂದು ಹಟ ಹಿಡಿದು ಮಗ್ಗಕ್ಕೆ ಹಾಸಿನ ನೂಲು ಹೂಡಿದ್ದಳು. ಅದೇ ಭಾನುವಾರ, ನೇಯ್ದ ಬಟ್ಟೆ ಸುತ್ತಿಕೊಳ್ಳುವ ಕಟ್ಟಿಗೆಯ ದಿಂಡು ಗೆದ್ದಲು ಹತ್ತಿ ನಡುವೆ ಸೀಳಿಬಿಟ್ಟಿತು. ಅತ್ತೆ ತಲೆ ಮೇಲೆ ಕೈಹೊತ್ತು ಹೊರಗೆ ಬಂದಳು. ಅಂಗಳದಲ್ಲಿ ಸೀಮೆಎಣ್ಣೆಯಲ್ಲಿ ಮಿಂದು ಶಾಫ್ಟು ಬಿಸಿಲು ಕಾಯಿಸುತ್ತಿತ್ತು.

“ಅಬಬಬ, ಎಷ್ಟು ನೆಟ್ಟಗ ಐತಿ!” ಎಂದಳು.

ವಿಶಾಲ ಉಂಡು ಮಲಗಿ ಏಳುವುದರೊಳಗೆ ಶಾಫ್ಟು ಮಗ್ಗಕ್ಕೇರಿತ್ತು. ಅದರ ಮೇಲೆ ಸೀಮಾಳ ಹಸಿರು ಖಣ ಗೇಣುದ್ದ ಸುತ್ತಿಕೊಂಡಿತ್ತು.

“ಯವ್ವಾ, ಅದು ನನ್ನ ಶಾಫ್ಟ್!”

“ಇರಲೇಳ. ಮಗ್ಗದ ಮ್ಯಾಲಿನ ಹಾಸು ನಡುವ ಕತ್ತರಿಸಬಾರದು. ಅದೂ ಬಸರಿ ಹೆಣ್ಣಿನ ಖಣ. ಕತ್ತರಿಸಿ ನೋಡೋಣ?”

ಕತ್ತರಿಸುವ ಗಂಡಸು ಬೆಟಗೇರಿಯಲ್ಲಿ ಹುಟ್ಟಿಲ್ಲ. ವಿಶಾಲ ತಲೆ ಕೆರೆದುಕೊಂಡ. ಹೇಗೂ ಅದನ್ನು ತೆಗೆದು ಒಗೆಯುವವನೇ ಇದ್ದೆನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಹೊಸ ಶಾಫ್ಟು ಮಾಡಿಕೊಡುವ ಲೇಥ್ ಅಂಗಡಿಯ ಅಯ್ಯೂಬರು ಅಳತೆಗೆ ಹಳೆಯ ಶಾಫ್ಟನ್ನೇ ತರಲು ಹೇಳಿದ್ದರು. ಅದಕ್ಕೆ ವಿಶಾಲ ಮಾಡಿದ ಉಪಾಯ ಕೇಳಿ. ನೂಲು ಹಿಡಿದು ಜೀಪಿನ ಕೆಳಗೆ ತೂರಿದ, ಶಾಫ್ಟಿದ್ದ ಜಾಗಕ್ಕೆ ನೂಲು ಎಳೆದು ಗಂಟು ಹಾಕಿದ, ಗಂಟಿಗೆ ಸರಿಯಾಗಿ ಕತ್ತರಿಸು ಎಂದು ಹೊರಗೆ ಕುಳಿತಿದ್ದ ಅವ್ವನಿಗೆ ಕೂಗಿ ಹೇಳಿದ. ಅತ್ತೆ ಕತ್ತರಿಸಿ ಕೊಟ್ಟಳು. ಆ ನೂಲು ಅಯ್ಯೂಬರ ಅಂಗಡಿ ಸೇರಿತು.

ಬುಧವಾರ ಮಧ್ಯಾಹ್ನ ಜರ್ಮನ್ ಶಾಫ್ಟು ಬಂತು. ಹೊಳೆಯುತ್ತಿತ್ತು. ಓಣಿಯವರೆಲ್ಲ ಒಂದೊಂದು ಸಲ ಎತ್ತಿ ನೋಡಿ, ಹಗುರ ಐತಿ ಬಿಡಪ ಎಂದು ತಲೆದೂಗಿದರು. ವಿಶಾಲನ ಮುಖದಲ್ಲಿ ಮದುಮಗನ ಕಳೆ. ಜೀಪಿನ ಕೆಳಗೆ ಹೋದ. ಒಂದು ತುದಿ ಕೂಡಿಸಿದರೆ ಇನ್ನೊಂದು ಕೂಡದು. ಆ ತುದಿ ಕೂಡಿಸಿದರೆ ಈ ತುದಿ ಹೊರಗೆ.

“ಜೀಪ ಕುಗ್ಗೇತಿ!” ಎಂದು ಒಳಗಿನಿಂದ ಕೂಗಿದ.

ಕುಣಿಯಲಾರದಾಕಿ ಅಂಗಳ ಡೊಂಕು ಅಂದಳಂತೆ. ಅಯ್ಯೂಬರನ್ನು ಕರೆಸಿದ್ದಾಯಿತು. ಅವರು ನೂಲು ತಂದು ಶಾಫ್ಟಿಗೆ ಹಿಡಿದು ತೋರಿಸಿದರು. “ನೋಡ್ರಿ ವಿಶಾಲಣ್ಣ, ಕೂದಲೆಳಿ ಅಷ್ಟೂ ಹೆಚ್ಚು ಕಡಿಮಿ ಇಲ್ಲ. ನೀವು ಕೊಟ್ಟ ಅಳತಿನ ಐತಿ.”

ಮತ್ತೆ ನೂಲು ಜೀಪಿನ ಕೆಳಗೆ ಹೋಯಿತು. ಗಂಟು ಇರುವಲ್ಲಿಯೇ ಇತ್ತು. ಗಂಟಿನ ಆಚೆಗೆ ನಾಲ್ಕು ಬೆರಳು ನೂಲು ಹೆಚ್ಚಿಗೆ ಇತ್ತು. ಎಲ್ಲರೂ ಅತ್ತೆಯ ಕಡೆ ನೋಡಿದೆವು.

“ಹೌದು, ನಾನ ಬಿಟ್ಟೀನಿ,” ಎಂದಳು ಅತ್ತೆ, ಬಹುಮಾನ ಕೊಡುತ್ತಾರೇನೋ ಎನ್ನುವ ಹಾಗೆ. “ನಾಕ ಬೆರಳು ಹೆಚ್ಚಿಗಿ ಬಿಡಲಿಲ್ಲಂದ್ರ ಮೊದಲನೇ ಒಗತಕ್ಕ ಕುಗ್ಗಿ ಗಿಡ್ಡ ಆಗತೈತಿ. ಇಷ್ಟು ವರ್ಷ ನೇಯ್ದೀನಿ, ನನಗ ಗೊತ್ತಿಲ್ಲೇನು?”

“ಯವ್ವಾ, ಅದು ಲೋಹ!”

“ಲೋಹ ಆದ್ರೇನು, ಹೊಸಾದು ಹೌದಿಲ್ಲೋ? ಬಿಸಿನೀರಾಗ ಹಾಕು, ತಾನ ಕುಗ್ಗತೈತಿ.”

ನಗುತ್ತೀರಿ, ನಗಿ. ಅಯ್ಯೂಬರು, ಮತ್ತೆ ಕತ್ತರಿಸಿ ಬೆಸೆಯಲು ಎರಡು ದಿನ ಬೇಕು ಎಂದು ಹೋದ ಮೇಲೆ ನನ್ನ ಗಂಡ ಏನು ಮಾಡಿದ ಗೊತ್ತೆ? ಬಚ್ಚಲ ಹಂಡೆಗೆ ಉರಿ ಹಾಕಿದ! ಶಾಫ್ಟಿನ ಒಂದು ತುದಿ ನೀರಿನಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ. ನಡುನಡುವೆ ತೆಗೆದು ನೂಲು ಹಿಡಿದು ನೋಡುತ್ತಿದ್ದ. ನಾನು ರೊಟ್ಟಿ ಬಡಿಯುತ್ತ ಹಣೆ ಬಡಿದುಕೊಂಡೆ. ಹಿಟ್ಟು ಹಣೆಗೆ ಹತ್ತಿತು.

ಗುರುವಾರ ಬೆಳಗಾಯಿತು. ಶಾಫ್ಟು ಕುಗ್ಗಿರಲಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮಾದ್ಲಿ, ಎಣ್ಣೆಗಾಯಿ, ಎಲ್ಲ ಬುಟ್ಟಿ ತುಂಬಿ ಅಂಗಳದಲ್ಲಿ ಕುಳಿತಿದ್ದವು. ಅಂದು ದೊಡ್ಡ ಲಗ್ನದ ಮುಹೂರ್ತ, ಗದಗದಲ್ಲಿ ಒಂದು ಬಾಡಿಗೆ ಗಾಡಿ ಖಾಲಿ ಇರಲಿಲ್ಲ. ಮುಂಡರಗಿ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹಿಡಿದರೆ ಹೊತ್ತು ಇಳಿಯುತ್ತದೆ. ಬಸ್ಸಿಳಿದರೆ ದುರಗವ್ವನ ಬಾಯಿಗೆ ನಾನೇ ಸಕ್ಕರೆ ಹಾಕಿದಂತೆ.

ಅಷ್ಟರಲ್ಲಿ ಅತ್ತೆ ಖಣ ನೇಯ್ದು ಮುಗಿಸಿ ಹಾಸಿನಿಂದ ಕತ್ತರಿಸಿದಳು. ವಿಶಾಲ ಓಡಿದ. “ಯವ್ವಾ, ಖಣ ಬಿಚ್ಚು, ಹಳೇ ಶಾಫ್ಟ್ ಕೊಡು, ಒಂದು ತಾಸಿನ್ಯಾಗ ಕೂಡಿಸ್ತೀನಿ.”

“ಬಾಯಿ ಮುಚ್ಚು. ಕುಬುಸದ ಖಣ ಬಸರಿ ಉಡಿಯೊಳಗ ಬಿಚ್ಚಬೇಕು, ಬ್ಯಾರೆ ಕಡೆ ಬಿಚ್ಚಿದ್ರ ಹಳೇದಾತು. ನಮ್ಮತ್ತಿ ಹಂಗ ಮಾಡ್ಯಾರ, ನಾನೂ ಹಂಗ ಮಾಡಾಕಿ.”

ಖಣ ಬಿಚ್ಚಲು ಕೊರ್ಲಹಳ್ಳಿಗೆ ಹೋಗಬೇಕು. ಕೊರ್ಲಹಳ್ಳಿಗೆ ಹೋಗಲು ಖಣ ಬಿಚ್ಚಬೇಕು. ತಾಯಿ ಮಗ ಎದುರೆದುರು ನಿಂತು ಶಾಫ್ಟಿನ ಒಂದೊಂದು ತುದಿ ಹಿಡಿದು ಜಗ್ಗಾಡತೊಡಗಿದರು. ನನ್ನ ಕಣ್ಣ ಮುಂದೆ ಸೀಮಾ ಬಂದು ನಿಂತಳು. ಮಣೆಯ ಮೇಲೆ ಕುಳಿತು, ಬಾಗಿಲ ಕಡೆ ನೋಡುತ್ತ, ಯಾರೂ ಬರದೆ. ಸಿಟ್ಟು ನೆತ್ತಿಗೇರಿತು. ಮನುಷ್ಯರ ಜೊತೆ ಜಗಳ ಆಡಿ ಉಪಯೋಗವಿಲ್ಲ ಎಂದು ಹೋಗಿ ಜೀಪು ಹತ್ತಿದೆ. ಡ್ರೈವಿಂಗ್ ನನಗೆ ಅಷ್ಟಿಷ್ಟು ಬರುತ್ತದೆ. ಚಾಲೂ ಮಾಡಿ ಗೇರ್ ಹಾಕಿದೆ. ಇಂಜಿನ್ನು ಒದರಿತು, ಜೀಪು ಕದಲಲಿಲ್ಲ. ಗೇರಿನ ಪಕ್ಕದಲ್ಲಿ ಸಣ್ಣದೊಂದು ಹಿಡಿಕೆ ಇದೆ. ಅತ್ತೆ ಪ್ರತಿ ಅಮಾವಾಸ್ಯೆಗೆ ಅದಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದರಿಂದ ನಾವ್ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಕ್ಲಚ್ಚು ಒತ್ತಿ, “ನಿನ್ನ ಹೆಣ ಎತ್ತಲಿ” ಎಂದು ಅದನ್ನು ಹಿಡಿದೆಳೆದೆ, ಕ್ಲಚ್ಚು ಬಿಟ್ಟೆ.

ಜೀಪು ಇಟ್ಟಿಗೆಯ ಮೇಲಿಂದ ಹಾರಿ ಕೆಳಗಿಳಿದು ಮುಂದಕ್ಕೆ ಓಡಿತು! ಬಚ್ಚಲ ಮುಂದೆ ಒಣಗಲು ಮಲಗಿಸಿದ್ದ ಜರ್ಮನ್ ಶಾಫ್ಟಿನ ಮೇಲೆ ಹತ್ತಿ, ಅದನ್ನು ಬಾಗಿಸಿ, ಗೇಟಿನ ಹತ್ತಿರ ಹೋಗಿ ನಿಂತಿತು.

ವಿಶಾಲ ಶಾಫ್ಟು ಕೈಬಿಟ್ಟು ಹಣೆ ಹೊಡೆದುಕೊಂಡ. “ಅಯ್ಯ! ಫೋರ್ ವೀಲ್ ಗಾಡಿ ಅಲ್ಲೇನಿದು! ಮುಂದಿನ ಗಾಲಿಗೂ ಒಂದು ಶಾಫ್ಟ್ ಐತಿ. ಆ ಹಿಡಿಕಿ ಜಗ್ಗಿದ್ರ ಮುಂದಿನ ಗಾಲಿನ ಎಳೀತಾವ. ಮರತ ಬಿಟ್ಟಿದ್ದೆ!”

“ಮಾತು ಸಾಕು, ಬುಟ್ಟಿ ಏರಿಸ್ರಿ,” ಎಂದೆ.

ಹೀಗೆ ಹಿಂದಿನ ಶಾಫ್ಟಿಲ್ಲದ ಜೀಪು ಹೊರಟಿತು. ಶಾಫ್ಟು ಮಾತ್ರ ಹಿಂದಿನ ಸೀಟಿನಲ್ಲಿ, ಹಸಿರು ಖಣ ಸುತ್ತಿಕೊಂಡು, ಅತ್ತೆಯ ತೊಡೆಯ ಮೇಲೆ ಮಲಗಿ ಬಂತು. ಡಂಬಳ ದಾಟುವಾಗ ನನ್ನ ಗಂಡ ಸ್ಟೇರಿಂಗ್ ತಟ್ಟುತ್ತ, “ಎಷ್ಟು ಹಗುರ ಓಡತೈತಿ ನೋಡ ಮಾಯಾ, ನಾ ಹೇಳಿದ್ದಿಲ್ಲ?” ಎಂದ. ಗಂಡನನ್ನು ಓಡುವ ಗಾಡಿಯಿಂದ ದೂಡಬಾರದು ಎಂದು ಬುತ್ತಿಯ ಬುಟ್ಟಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಕೊರ್ಲಹಳ್ಳಿ ಮುಟ್ಟಿದಾಗ ಹೊತ್ತು ನೆತ್ತಿಗೆ ಬರುವುದು ಸ್ವಲ್ಪವೇ ಬಾಕಿ. ಓಣಿಯೆಲ್ಲ ಕಟ್ಟೆಗೆ ಬಂದು ನಿಂತಿತು. ಸೀಮಾ ಮಣೆಯ ಮೇಲೆ ತಲೆ ತಗ್ಗಿಸಿ ಕುಳಿತವಳು ನನ್ನ ಧ್ವನಿ ಕೇಳಿ ಮುಖ ಎತ್ತಿದಳು. ಬುಟ್ಟಿಗಳು ಒಂದರ ಹಿಂದೆ ಒಂದು ಒಳಗೆ ಹೋದವು. ಕೊನೆಗೆ ಅತ್ತೆ ಖಣದ ಸುರುಳಿ ಎತ್ತಿಕೊಂಡು ಇಳಿದಳು.

ದುರಗವ್ವ ಮುಂದೆ ಬಂದು ಕೈ ನೀಡಿದಳು. “ಬರ್ರಿ, ಇತ್ತ ಕೊಡ್ರಿ. ಒಂದು ಖಣಕ್ಕ ಎರಡು ಕೈ ಯಾಕ?”

ಅತ್ತೆ ಕೊಟ್ಟಳು. ದುರಗವ್ವ ಇಸಿದುಕೊಂಡವಳು ನಿಂತಲ್ಲೇ ಕುಸಿದು, ಹೊಸ್ತಿಲ ಮೇಲೆ ದೊಪ್ಪನೆ ಕುಳಿತಳು.

“ಎಪ್ಪಾ! ಏನ್ ಭಾರ ಐತ್ರಿ ಇದು!”

ಓಣಿ ನಕ್ಕಿತು. ಬಸುರಿಯ ಮೇಲೆ ಭಾರ ಬೀಳದಂತೆ ನಾವು ಮೂವರು ಸೇರಿ ಅದನ್ನು ಎತ್ತಿ ಹಿಡಿದು ಸೀಮಾಳ ತೊಡೆಯ ಮೇಲೆ ಉರುಳಿಸುತ್ತ ಖಣ ಬಿಚ್ಚಿದೆವು. ಕೊನೆಯ ಗೇಣಿಗೆ ಗ್ರೀಸ್ ಹತ್ತಿತ್ತು. ದೃಷ್ಟಿ ಬೊಟ್ಟು, ಇರಲಿ ಎಂದಳು ಅತ್ತೆ. ಕಬ್ಬಿಣ ಬರಿದಾಗಿದ್ದೇ ತಡ, ವಿಶಾಲ ನಟ್ಟು ಬಿಗಿಯುವ ಪಾನಾ ಹಿಡಿದು ಬಂದ.

“ಇನ್ನ ಅದನ್ನ ಕೊಡ್ರಿ, ನಮ್ಮ ಗಾಡೀದು.”

ದುರಗವ್ವ ಅಷ್ಟೊತ್ತಿಗೆ ಎದ್ದು ಸೆರಗು ಸರಿಮಾಡಿಕೊಂಡಿದ್ದಳು. “ತವರಿಂದ ಉಡಿಗೆ ಬಂದದ್ದು ಹೊಳ್ಳಿ ಹೋಗಬಾರದ್ರಿ. ನಮ್ಮ ಮನಿಗೆ ಛಲೋ ಅಲ್ಲ.”

“ಅದಿಲ್ದ ಗಾಡಿ ಹೆಂಗ ಹೋಗಬೇಕ್ರಿ?”

“ಹೆಂಗ ಬಂತೋ ಹಂಗ!”

ನನ್ನ ಗಂಡ ಪಾನಾ ಜೇಬಿಗೆ ಹಾಕಿಕೊಂಡ. ಸೀಮಾ ನನ್ನ ಕೈ ಹಿಡಿದು ಹತ್ತಿರ ಎಳೆದಳು. ನಗು ತಡೆಯಲಾರದೆ ಕಣ್ಣಲ್ಲಿ ನೀರು ಬಂದಿತ್ತು, ಇಲ್ಲ ಅಳುವೇ ನಗುವಾಗಿತ್ತು, ನನಗೆ ತಿಳಿಯಲಿಲ್ಲ.

“ಅಕ್ಕಾ, ಅವ್ವ ಇದ್ದಿದ್ರ...” ಎಂದಳು.

“ಅವ್ವ ಇದ್ದಿದ್ರೂ,” ಎಂದೆ, “ಇಷ್ಟು ಭಾರದ್ದು ತರತಿದ್ದಿಲ್ಲ.”